ರೂಗರ್ 10/22 ರೈಫಲ್‌ಗೆ ಹೊಸ ಸ್ಟಾಕ್ ಜೋಡಿಸುವುದು: ಅಧ್ಯಯನ ಟಿಪ್ಪಣಿ

ಅಮೆರಿಕದಲ್ಲಿ 1964ರಿಂದ ತಯಾರಾಗುತ್ತಿರುವ ರೂಗರ್ 10/22 ಅರೆಸ್ವಯಂಚಾಲಿತ ರೈಫಲ್ ಆಗಿದ್ದು, ಪಾಯಿಂಟ್ 22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾಗಳನ್ನು ಬಳಸುತ್ತದೆ. ಇಲ್ಲಿ ಗುರಿ ಅಭ್ಯಾಸ ಆರಂಭಿಸುವ ಬಹಳ ಜನರ ಕೈಗೆ ಮೊದಲು ಬರುವುದು ಇದೇ. ಕಳೆದ ವಾರ ಇದರ ಮರದ ಸ್ಟಾಕನ್ನು (ನಳಿಗೆಯನ್ನು ಹೊತ್ತು, ಭುಜಕ್ಕೆ ಒರಗುವ ಹೊರಭಾಗ) ತೆಗೆದು ಮ್ಯಾಗ್‌ಪುಲ್ ಹಂಟರ್ ಎಕ್ಸ್-22 ಎಂಬ ಪಾಲಿಮರ್ ಸ್ಟಾಕನ್ನು ಜೋಡಿಸಿದೆ. ಎಡವಿದ ಜಾಗಗಳು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ. ನ್ಯೂಯಾರ್ಕ್‌ನಂತಹ ಕೆಲವು ರಾಜ್ಯಗಳಲ್ಲಿ ಇಂತಹ ರೈಫಲ್‌ಗೆ ಮಡಚುವ ಸ್ಟಾಕ್ ಅಥವಾ ಹೆಬ್ಬೆರಳು ತೂರಿಸುವ ರಂಧ್ರವಿರುವ ಸ್ಟಾಕ್ ಹಾಕುವುದಕ್ಕೆ ಕಾನೂನಿನ ತಡೆಯಿದೆ. ಆದ್ದರಿಂದ ಹಣ ಕೊಡುವ ಮೊದಲು ನಿಮ್ಮ ರಾಜ್ಯದ ನಿಯಮವನ್ನು ಓದಿಕೊಳ್ಳಿ.

ಅಳತೆ

ಟ್ರಿಗರ್‌ನಿಂದ ಸ್ಟಾಕಿನ ಹಿಂಬದಿಯ ಮಧ್ಯದವರೆಗಿನ ದೂರವೇ ಮುಖ್ಯವಾದ ಅಳತೆ. ಕಾರ್ಖಾನೆಯಿಂದ ಬರುವ ಸಾಮಾನ್ಯ ಕಾರ್ಬೈನ್‌ನಲ್ಲಿ ಅದು 13.5 ಇಂಚು. ಹೊಸ ಸ್ಟಾಕಿನಲ್ಲಿ ಬಿಲ್ಲೆಗಳನ್ನು ಸೇರಿಸಿ ಅಥವಾ ತೆಗೆದು 12.5ರಿಂದ 14.5 ಇಂಚಿನವರೆಗೆ ಹೊಂದಿಸಿಕೊಳ್ಳಬಹುದು. ಮೊಣಕೈ ಮಡಚಿ, ಅದರ ಒಳಮೂಲೆಗೆ ಸ್ಟಾಕಿನ ಹಿಂಬದಿಯನ್ನು ಒತ್ತಿ, ತೋರುಬೆರಳಿನ ತುದಿ ಟ್ರಿಗರ್‌ಗೆ ಎಟುಕುತ್ತದೆಯೇ ಎಂದು ನೋಡುವ ಹಳೆಯ ಉಪಾಯ ಅಂದಾಜಿಗೆ ಸಾಕು, ಆದರೆ ಅದು ಕತ್ತಿನ ಉದ್ದವನ್ನೂ ಚಳಿಗಾಲದ ದಪ್ಪ ಕೋಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ನಂಬುವ ಪರೀಕ್ಷೆ ಬೇರೆ. ಖಾಲಿ ರೈಫಲನ್ನು ಕಣ್ಣು ಮುಚ್ಚಿಕೊಂಡೇ ಭುಜಕ್ಕೇರಿಸಿ, ಕೆನ್ನೆಯನ್ನು ಸ್ಟಾಕಿನ ಮೇಲೆ ಆರಾಮವಾಗಿ ಇಟ್ಟು, ಆಮೇಲೆ ಕಣ್ಣು ತೆರೆಯಬೇಕು. ಸ್ಕೋಪಿನೊಳಗಿನ (ಗುರಿ ನೋಡುವ ದುರ್ಬೀನು) ದೃಶ್ಯ ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿಯಾಗಿ ಕಂಡರೆ ಅಳತೆ ಸರಿಯಾಗಿದೆ. ನನ್ನ ಹಳೆಯ ಸ್ಟಾಕಿನಲ್ಲಿ ಕೆನ್ನೆ ಕೂರುವ ಭಾಗ ತಗ್ಗಾಗಿದ್ದುದರಿಂದ, ಸ್ಕೋಪ್ ಹಾಕಿದ ಮೇಲೆ ಕೆನ್ನೆಯ ಬದಲು ಗದ್ದವನ್ನು ಊರಬೇಕಾಗುತ್ತಿತ್ತು ಮತ್ತು ಪ್ರತಿ ಗುಂಡಿಗೂ ತಲೆ ಒಂದೊಂದು ಎತ್ತರದಲ್ಲಿ ನಿಲ್ಲುತ್ತಿತ್ತು. ಸ್ಟಾಕ್ ಬದಲಿಸಿದ್ದು ಇದೊಂದೇ ಕಾರಣಕ್ಕೆ.

ಬಿಚ್ಚುವುದು, ಮತ್ತು ಆ ಸೇಫ್ಟಿ ಗುಂಡಿ

ಮೊದಲು ಮ್ಯಾಗಝಿನ್ (ತೋಟಾಗಳ ಡಬ್ಬಿ) ತೆಗೆದು, ಬೋಲ್ಟ್ (ತೋಟಾ ಕೂರುವ ಕೋಣೆಯನ್ನು ಹಿಂದಿನಿಂದ ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ಎಳೆದು, ತೋಟಾ ಕೂರುವ ಕೋಣೆ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ತೋಟಾಗಳು ಕೆಲಸದ ಮೇಜಿನ ಮೇಲಷ್ಟೇ ಅಲ್ಲ, ಕೆಲಸ ಮಾಡುವ ರೂಮಿನಲ್ಲೇ ಇರಬಾರದು. ನಂತರ ನಳಿಗೆಯನ್ನು ಸ್ಟಾಕಿನ ಮುಂತುದಿಗೆ ಹಿಡಿದಿರುವ ಪಟ್ಟಿಯ ಸ್ಕ್ರೂ ಸಡಿಲಿಸಿ ಪಟ್ಟಿಯನ್ನು ಮುಂದಕ್ಕೆ ಸರಿಸಿ ತೆಗೆಯಬೇಕು. ಮ್ಯಾಗಝಿನ್ ಕಿಂಡಿಯ ಮುಂದಿರುವ ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಮಿಕ್ಕ ಹಿಡಿತವೂ ಹೋಗುತ್ತದೆ.

ಇಷ್ಟಾದರೂ ನನ್ನ ರೈಫಲ್ ಸ್ಟಾಕಿನಿಂದ ಮೇಲೇಳಲಿಲ್ಲ. ಟ್ರಿಗರ್ ಕಾಪಿನ ಮುಂಭಾಗದಲ್ಲಿ ಅಡ್ಡಲಾಗಿ ಎಡಕ್ಕೂ ಬಲಕ್ಕೂ ಸರಿಯುವ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಗುಂಡಿಯಿದೆ. ಅದು ಯಾವ ಬದಿಗೆ ಪೂರ್ತಿ ಸರಿದಿದ್ದರೂ ಆ ಬದಿಯ ತುದಿ ಹೊರಚಾಚಿ ಸ್ಟಾಕಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಗುಂಡಿ ಎರಡು ಬದಿಗೂ ಸಮನಾಗಿ ನಡುವೆ ನಿಂತರೆ ಮಾತ್ರ ರೈಫಲ್ ಹೊರಬರುತ್ತದೆ. ಇದು ನನಗೆ ತಿಳಿದಿತ್ತು. ಆದರೆ ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಗುಂಡಿ ಕದಲಲಿಲ್ಲ. ಕಾರಣ ಹುಡುಕುವುದರಲ್ಲೇ ಒಂದು ಸಂಜೆ ಕಳೆಯಿತು: ಒಳಗಿನ ಹ್ಯಾಮರ್ (ತೋಟಾ ಸಿಡಿಯಲು ಬಡಿಯುವ ಭಾಗ) ಹಿಂದಕ್ಕೆ ಎಳೆದು ನಿಂತ ಸ್ಥಿತಿಯಲ್ಲಿ ಇಲ್ಲದಿದ್ದರೆ ಈ ರೈಫಲಿನ ಸೇಫ್ಟಿಯನ್ನು ಸರಿಸಲಾಗುವುದಿಲ್ಲ. ನಾನು ಖಾಲಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಒಮ್ಮೆ ಟ್ರಿಗರ್ ಒತ್ತಿಬಿಟ್ಟಿದ್ದೆ. ಹ್ಯಾಮರ್ ಮುಂದಕ್ಕೆ ಬಿದ್ದಿತ್ತು. ಬೋಲ್ಟನ್ನು ಇನ್ನೊಮ್ಮೆ ಪೂರ್ತಿ ಹಿಂದಕ್ಕೆಳೆದು ಬಿಟ್ಟ ಕೂಡಲೇ ಗುಂಡಿ ಸಲೀಸಾಗಿ ಸರಿದು ನಡುವೆ ನಿಂತಿತು. ಆದ್ದರಿಂದ ಕ್ರಮವನ್ನು ಹೀಗೆ ನೆನಪಿಡಿ: ಖಾಲಿ ಮಾಡು, ಬೋಲ್ಟ್ ಎಳೆ, ಗುಂಡಿ ನಡುವಿಗೆ ತಾ, ನಳಿಗೆಯ ಕಡೆಯಿಂದ ಎತ್ತು. ಹೊಸ ಸ್ಟಾಕಿಗೆ ಕೂರಿಸುವಾಗಲೂ ಗುಂಡಿ ನಡುವೆಯೇ ಇರಬೇಕು. ಆಗ ರಿಸೀವರಿನ (ಬೋಲ್ಟ್ ಮತ್ತು ಟ್ರಿಗರ್ ಜೋಡಣೆ ಕೂರುವ ಲೋಹದ ಭಾಗ) ಹಿಂಬದಿ ಮೊದಲು ಓರೆಯಾಗಿ ಒಳಹೋಗುತ್ತದೆ, ನಳಿಗೆ ಆಮೇಲೆ ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಟ್ರಿಗರ್ ಜೋಡಣೆಯನ್ನು ರಿಸೀವರಿಗೆ ಹಿಡಿದಿರುವ ಅಡ್ಡ ಪಿನ್ನುಗಳು ಬಿಗಿಯಾಗಿರುವುದಿಲ್ಲ; ಅವು ಜಾರದಂತೆ ತಡೆಯುವುದು ಸ್ಟಾಕಿನ ಗೋಡೆಯೇ. ರೈಫಲನ್ನು ಹೊರತೆಗೆದು ಸ್ವಲ್ಪ ಓರೆ ಮಾಡಿದೊಡನೆ ಒಂದು ಪಿನ್ ಸದ್ದಿಲ್ಲದೆ ಜಾರಿ ಮೇಜಿನ ಮೇಲೆ ಉರುಳಿತು. ಕೆಳಗೆ ಬಿಳಿ ಟವೆಲ್ ಹಾಸಿದ್ದರಿಂದ ಸಿಕ್ಕಿತು.

ನಳಿಗೆಯ ಸುತ್ತಲಿನ ಜಾಗ

ಹೊಸ ಸ್ಟಾಕಿನಲ್ಲಿ ನಳಿಗೆಗೆ ಪಟ್ಟಿಯಿಲ್ಲ. ಮುಂಭಾಗದಲ್ಲಿರುವ ತಟ್ಟೆಯಂತಹ ತುಂಡನ್ನು ತಿರುಗಿಸಿ ಹಾಕಿದರೆ ಮಾಮೂಲಿ ಸಣ್ಣ ನಳಿಗೆಗೂ 0.920 ಇಂಚಿನ ದಪ್ಪ ನಳಿಗೆಗೂ ಅದೇ ಸ್ಟಾಕ್ ಒದಗುತ್ತದೆ. ನಳಿಗೆ ಎಲ್ಲಿಯೂ ತಗಲದಿದ್ದರೆ ಗುರಿ ಸುಧಾರಿಸುತ್ತದೆಯೆಂದು ಎಲ್ಲ ರೈಫಲ್‌ಗಳ ಬಗ್ಗೆಯೂ ಹೇಳುವುದುಂಟು, ಆದರೆ 10/22ರ ರಚನೆ ಬೇರೆಯಾದ್ದರಿಂದ ಇಲ್ಲಿ ಅದನ್ನು ಹಾಗೆಯೇ ಒಪ್ಪಲಾಗದು. ಇದರ ನಳಿಗೆ ರಿಸೀವರಿಗೆ ತಿರುಪಿನಿಂದ ಕೂತಿಲ್ಲ, ಎರಡು ಸ್ಕ್ರೂಗಳಿರುವ ವಿ-ಬ್ಲಾಕ್ ಎಂಬ ಲೋಹದ ತುಂಡು ಅದನ್ನು ಹಿಂದಕ್ಕೆ ಎಳೆದು ಹಿಡಿದಿದೆ. ರಿಸೀವರನ್ನು ಸ್ಟಾಕಿಗೆ ಹಿಡಿದಿರುವ ಸ್ಕ್ರೂ ಕೂಡ ಒಂದೇ. ಹೀಗಾಗಿ ಕೆಲವರು ಮುಂತುದಿಯಲ್ಲಿ ತೆಳುವಾದ ಆಸರೆ ಕೊಟ್ಟೇ ಒಳ್ಳೆಯ ಫಲ ಪಡೆಯುತ್ತಾರೆ. ನಳಿಗೆಗೂ ಸ್ಟಾಕಿಗೂ ನಡುವೆ ಒಂದು ಡಾಲರ್ ನೋಟನ್ನು ತೂರಿಸಿ ಹಿಂದಕ್ಕೆಳೆಯುತ್ತ ಬಂದರೆ ಎಲ್ಲಿ ತಗಲುತ್ತಿದೆಯೆಂಬುದು ಗೊತ್ತಾಗುತ್ತದೆ. ಎರಡೂ ಬಗೆಯಲ್ಲಿ ಹೊಡೆದು ನೋಡಿ, ಗುಂಡುಗಳು ಹತ್ತಿರ ಬೀಳುವುದನ್ನೇ ಉಳಿಸಿಕೊಳ್ಳಿ.

ಸ್ಟಾಕ್ ಬದಲಾದ ಮೇಲೆ ಹಳೆಯ ಗುರಿ ಹೊಂದಾಣಿಕೆ ಉಳಿಯುವುದಿಲ್ಲ. ನನ್ನ ರೈಫಲಿನಲ್ಲಿ 25 ಗಜಕ್ಕೆ ಗುಂಡುಗಳು ಸುಮಾರು ಒಂದು ಇಂಚು ಎಡಕ್ಕೆ ಬಿದ್ದವು. ಸ್ಕೋಪ್ ತಿರುಗಿಸುವ ಮೊದಲು ಸ್ಟಾಕಿನ ಸ್ಕ್ರೂ ಪರೀಕ್ಷಿಸಿದರೆ ಅದು ಕಾಲು ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿ, ಸ್ಕ್ರೂವಿನ ತಲೆಯಿಂದ ಸ್ಟಾಕಿನ ಮೇಲಕ್ಕೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದಿದ್ದೇನೆ; ಈಗ ಪ್ರತಿ ಬಾರಿ ರೇಂಜಿಗೆ ಹೋದಾಗ ಆ ಗೆರೆ ಮುರಿದಿಲ್ಲವೆಂದು ನೋಡಿಕೊಂಡ ಮೇಲೆಯೇ ಮ್ಯಾಗಝಿನ್ ತುಂಬುತ್ತೇನೆ.