ರಷ್ಯಾ–ಜಪಾನ್ ಯುದ್ಧ (1904–05): ಫ್ರಾನ್ಸ್ ಯಾಕೆ ಸುಮ್ಮನಿತ್ತು?

ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ನಕಾಶೆಯಲ್ಲಿ ಮೂರು ಜಾಗ ಗುರುತು ಹಾಕಿಕೊಳ್ಳಿ: ಕೊರಿಯಾ, ಅದರ ಉತ್ತರಕ್ಕೆ ಮಂಚೂರಿಯಾ (ಚೀನಾದ ಈಶಾನ್ಯ ಭಾಗ), ಮಂಚೂರಿಯಾದ ದಕ್ಷಿಣಕ್ಕೆ ಚಾಚಿಕೊಂಡ ಲಿಯಾವೊಡಾಂಗ್ ಪರ್ಯಾಯ ದ್ವೀಪ. ಇದರ ತುದಿಯಲ್ಲೇ ಪೋರ್ಟ್ ಆರ್ಥರ್. ರಷ್ಯಾದ ವ್ಲಾಡಿವೊಸ್ಟಾಕ್ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಪೋರ್ಟ್ ಆರ್ಥರ್ ಹೆಪ್ಪುಗಟ್ಟುವುದಿಲ್ಲ. ರಷ್ಯಾದ ಕಣ್ಣು ಅದರ ಮೇಲೆ ಬಿದ್ದದ್ದು ಇದಕ್ಕೇ.

ಹಿನ್ನೆಲೆ

1895ರ ಏಪ್ರಿಲ್ 17ರ ಶಿಮೊನೊಸೆಕಿ ಒಪ್ಪಂದದಲ್ಲಿ, ಚೀನಾವನ್ನು ಸೋಲಿಸಿದ್ದ ಜಪಾನಿಗೆ ತೈವಾನ್, ಲಿಯಾವೊಡಾಂಗ್ ಮತ್ತು 20 ಕೋಟಿ ಟೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ಸಿಕ್ಕಿತು. ಆರೇ ದಿನಕ್ಕೆ ರಷ್ಯಾ, ಜರ್ಮನಿ, ಫ್ರಾನ್ಸ್ ಒಟ್ಟಾಗಿ ಲಿಯಾವೊಡಾಂಗನ್ನು ಹಿಂದಿರುಗಿಸುವಂತೆ ಒತ್ತಡ ಹಾಕಿದವು. ಇನ್ನೂ 3 ಕೋಟಿ ಟೇಲ್ ಪಡೆದು ಜಪಾನ್ ಬಿಟ್ಟುಕೊಟ್ಟಿತು. 1898ರಲ್ಲಿ ಅದೇ ಪರ್ಯಾಯ ದ್ವೀಪದ ತುದಿಯನ್ನು ರಷ್ಯಾ ಚೀನಾದಿಂದ 25 ವರ್ಷಕ್ಕೆ ಗುತ್ತಿಗೆ ಬರೆಸಿಕೊಂಡಿತು! 1900ರಲ್ಲಿ ಬಾಕ್ಸರ್ ದಂಗೆಯ (ವಿದೇಶಿಯರ ವಿರುದ್ಧ ಚೀನೀಯರ ಬಂಡಾಯ) ನೆಪದಲ್ಲಿ ಮಂಚೂರಿಯಾಕ್ಕೆ ಬಂದ ರಷ್ಯಾ ಸೇನೆ, ವಾಪಸಾಗುತ್ತೇವೆ ಎಂದು ಮಾತು ಕೊಟ್ಟೂ ಅಲ್ಲೇ ಬೀಡುಬಿಟ್ಟಿತು. 1903ರ ಮಾತುಕತೆಯಲ್ಲಿ ಕೊರಿಯಾ ತನ್ನ ಪಾಲಿಗಿರಲಿ ಎಂಬುದು ಜಪಾನಿನ ಪಟ್ಟು. 39ನೇ ಅಕ್ಷಾಂಶದ ಮೇಲಿನ ಕೊರಿಯಾ ತಟಸ್ಥ ವಲಯವಾಗಲಿ ಎಂದು ರಷ್ಯಾ ಹಟ ಹಿಡಿಯಿತು. ಮಾತು ಮುರಿಯಿತು.

ಎಲ್ಲರೂ ಎಡವುವ ಜಾಗ: 1902ರ ಒಪ್ಪಂದ

ಫ್ರಾನ್ಸ್ 1894ರಿಂದಲೇ ರಷ್ಯಾದ ಮಿತ್ರ. ಬ್ರಿಟನ್ 1902ರ ಜನವರಿ 30ರಿಂದ ಜಪಾನಿನ ಮಿತ್ರ. ಹಾಗಿದ್ದರೆ 1904ರಲ್ಲೇ ಮಹಾಯುದ್ಧ ಏಕೆ ಆಗಲಿಲ್ಲ?

ಆಂಗ್ಲೋ-ಜಪಾನ್ ಒಪ್ಪಂದದ ಷರತ್ತನ್ನು ಶತ್ರುಗಳನ್ನು ಎಣಿಸುತ್ತಾ ಓದಿ. ಮಿತ್ರನಿಗೆ ಶತ್ರು ಒಬ್ಬನೇ ಆದರೆ ಇನ್ನೊಬ್ಬ ತಟಸ್ಥ. ಶತ್ರುಗಳು ಇಬ್ಬರಾದರೆ ಇನ್ನೊಬ್ಬನೂ ಯುದ್ಧಕ್ಕಿಳಿಯಬೇಕು.

ಈಗ ಅನ್ವಯಿಸಿ. ಜಪಾನಿನ ಎದುರು ರಷ್ಯಾ ಮಾತ್ರ: ಎಣಿಕೆ ಒಂದು, ಬ್ರಿಟನ್ ಹೊರಗೆ. ರಷ್ಯಾದ ಜೊತೆ ಫ್ರಾನ್ಸ್ ಸೇರಿದರೆ: ಎಣಿಕೆ ಎರಡು, ಬ್ರಿಟಿಷ್ ನೌಕಾಪಡೆ ಫ್ರಾನ್ಸಿನ ಮೇಲೆ. ಬೆನ್ನಹಿಂದೆ ಜರ್ಮನಿ ಇರುವಾಗ ಫ್ರಾನ್ಸಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಯುದ್ಧ ಶುರುವಾಗಿ ಎರಡೇ ತಿಂಗಳಿಗೆ, 1904ರ ಏಪ್ರಿಲ್ 8ರಂದು, ಅದು ಬ್ರಿಟನ್ನಿನೊಂದಿಗೇ ಸ್ನೇಹ ಒಪ್ಪಂದ ಮಾಡಿಕೊಂಡಿತು. ಆದ್ದರಿಂದ ‘ಬ್ರಿಟನ್ ಜಪಾನ್ ಪರ ಹೋರಾಡಿತು’ ಎಂದು ಬರೆದರೆ ಅಂಕ ಹೋಯಿತು.

ಯುದ್ಧ, ಚುಟುಕಾಗಿ

1904ರ ಫೆಬ್ರವರಿ 8ರ ರಾತ್ರಿ ಜಪಾನ್ ಪೋರ್ಟ್ ಆರ್ಥರ್ ಮೇಲೆ ಎರಗಿತು, ಯುದ್ಧ ಘೋಷಿಸಿದ್ದು 10ರಂದು. ರಷ್ಯಾದ ಬಳಿ ಸೈನಿಕರಿಗೆ ಕೊರತೆಯಿರಲಿಲ್ಲ, ಕರೆತರುವುದೇ ಕಷ್ಟವಾಗಿತ್ತು. ಸೈಬೀರಿಯಾ ರೈಲು ಒಂಟಿ ಹಳಿಯದು, ಅದೂ ಬೈಕಲ್ ಸರೋವರದ ಬಳಿ ತುಂಡಾಗಿತ್ತು. ಆ ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆಯ ಮೇಲೆಯೇ ಹಳಿ ಹಾಸಿದರು. ಪೋರ್ಟ್ ಆರ್ಥರ್ 1905ರ ಜನವರಿ 2ಕ್ಕೆ ಶರಣಾಯಿತು, ಮಾರ್ಚ್‌ನಲ್ಲಿ ಮಂಚೂರಿಯಾದ ಮುಕ್ಡೆನ್ ನಗರ ಜಪಾನಿನ ಕೈಗೆ ಬಿತ್ತು.

ಯುರೋಪಿನಿಂದ ರಷ್ಯಾ ಕಳಿಸಿದ ಬಾಲ್ಟಿಕ್ ನೌಕಾಪಡೆಗೆ ಬ್ರಿಟನ್ ಸೂಯೆಜ್ ಕಾಲುವೆ ಮುಚ್ಚಿತ್ತು ಎಂದು ಕೆಲವು ಗೈಡ್‌ಗಳಲ್ಲಿದೆ, ನಂಬಬೇಡಿ. ಸಣ್ಣ ಹಡಗುಗಳು ಸೂಯೆಜ್ ಮೂಲಕವೇ ಹೋದವು. ದೊಡ್ಡ ಯುದ್ಧನೌಕೆಗಳು ಆಫ್ರಿಕಾ ಸುತ್ತಿ ಬಂದು ಮಡಗಾಸ್ಕರ್ ಬಳಿ ಕೂಡಿಕೊಂಡವು. ನಿಜವಾದ ಪೀಕಲಾಟ ಕಲ್ಲಿದ್ದಲಿನದು, ಜರ್ಮನ್ ಹಡಗುಗಳಿಂದ ತುಂಬಿಸಿಕೊಳ್ಳಬೇಕಾಯಿತು. ಮೇ 27–28ರಂದು ಕೊರಿಯಾ–ಜಪಾನ್ ನಡುವಿನ ತ್ಸುಶಿಮಾ ಜಲಸಂಧಿಯಲ್ಲಿ ಬಹುಪಾಲು ಪಡೆ ನುಚ್ಚುನೂರಾಯಿತು.

ತಾರೀಖಿನ ಎಚ್ಚರಿಕೆ: ರಷ್ಯಾ ಆಗ ಹಳೆಯ ಜೂಲಿಯನ್ ಪಂಚಾಂಗ ಬಳಸುತ್ತಿತ್ತು, 13 ದಿನ ಹಿಂದೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೆರವಣಿಗೆ ಬಂದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದ ‘ರಕ್ತ ಭಾನುವಾರ’ಕ್ಕೆ ಒಂದು ಪುಸ್ತಕದಲ್ಲಿ 1905ರ ಜನವರಿ 9, ಇನ್ನೊಂದರಲ್ಲಿ 22 ಎಂದಿದ್ದರೆ ಎರಡೂ ಸರಿ.

ಆಮೇಲೆ

1905ರ ಸೆಪ್ಟೆಂಬರ್ 5ರಂದು ಅಮೆರಿಕದ ಪೋರ್ಟ್ಸ್‌ಮತ್‌ನಲ್ಲಿ ಸಂಧಿ. ಜಪಾನಿಗೆ ಲಿಯಾವೊಡಾಂಗ್ ಗುತ್ತಿಗೆ, 50ನೇ ಅಕ್ಷಾಂಶದ ಕೆಳಗಿನ ಸಖಾಲಿನ್, ಕೊರಿಯಾದಲ್ಲಿ ಮುಕ್ತ ಹಸ್ತ. ಯುದ್ಧ ಪರಿಹಾರ ಮಾತ್ರ ಬಿಡಿಗಾಸೂ ಇಲ್ಲ. ಸಾಲ ಮಾಡಿ ಗೆದ್ದ ದೇಶಕ್ಕೆ ಹಣವೇ ಸಿಗಲಿಲ್ಲವೆಂದು ಅದೇ ದಿನ ಟೋಕಿಯೋದ ಹಿಬಿಯಾ ಉದ್ಯಾನದಲ್ಲಿ ಗಲಭೆಯೆದ್ದಿತು. ಕೊರಿಯಾ 1905ರಲ್ಲೇ ಜಪಾನಿನ ರಕ್ಷಿತ ರಾಜ್ಯವಾಯಿತು, 1910ರಲ್ಲಿ ಪೂರ್ತಿ ವಿಲೀನ.

ಭಾರತದ ಕೊಂಡಿಯೂ ಇದೆ: 1905ರ ಆಗಸ್ಟ್‌ನಲ್ಲಿ ನವೀಕರಿಸಿದ ಆಂಗ್ಲೋ-ಜಪಾನ್ ಒಪ್ಪಂದದ ವ್ಯಾಪ್ತಿಗೆ ಭಾರತದ ರಕ್ಷಣೆಯೂ ಸೇರಿತು.

ಪೂರ್ವದಲ್ಲಿ ಬಾಗಿಲು ಮುಚ್ಚಿದ ಮೇಲೆ ರಷ್ಯಾ ಬಾಲ್ಕನ್ ಕಡೆ ತಿರುಗಿತು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿದಾಗ, ಇನ್ನೂ ಚೇತರಿಸಿಕೊಂಡಿರದ ರಷ್ಯಾ 1909ರ ಮಾರ್ಚ್‌ನಲ್ಲಿ ಜರ್ಮನಿಯ ಬೆದರಿಕೆಗೆ ಮಣಿಯಿತು. ಮೊದಲ ಮಹಾಯುದ್ಧಕ್ಕೆ ದಾರಿಯಾದ 1914ರ ಜುಲೈ ಬಿಕ್ಕಟ್ಟು ಓದುವಾಗ ಈ ಸಾಲನ್ನು ಪಕ್ಕದಲ್ಲಿಟ್ಟುಕೊಳ್ಳಿ.