ಬ್ರೇಕ್ ಎಡಕ್ಕೆ ಎಳೆದರೆ ಬಲಗಡೆಯ ಚಕ್ರವನ್ನೂ ನೋಡಿ

ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆಯುತ್ತದೆ ಅಂದುಕೊಳ್ಳಿ. ಕೂಡಲೇ ಸಂಶಯ ಹೋಗುವುದು ಎಡಗಡೆಯ ಚಕ್ರದ ಮೇಲೆ. ಆದರೆ ತುಂಬಾ ಸಲ ಆ ಚಕ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಕೈಕೊಟ್ಟಿರುವುದು ಬಲಗಡೆಯದ್ದು. ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಹೋಗುತ್ತಿರುವ ದೋಣಿಯನ್ನು ನಿಲ್ಲಿಸಲು ಒಬ್ಬನೇ ಹುಟ್ಟನ್ನು ನೀರಿಗೆ ಅದುಮಿ ಹಿಡಿದರೆ, ದೋಣಿ ಅವನ ಕಡೆಗೇ ತಿರುಗುತ್ತದೆ ಅಲ್ವಾ? ಕಾರು ಕೂಡ ಜಾಸ್ತಿ ಹಿಡಿಯುವ ಚಕ್ರದ ಕಡೆಗೇ ತಿರುಗುತ್ತದೆ.

ಸಣ್ಣ ಕಾರಿನ ಎರಡು ಮುಂದಿನ ಚಕ್ರಗಳ ನಡುವೆ ಸುಮಾರು ಒಂದೂವರೆ ಮೀಟರ್ ಅಂತರ ಇರುತ್ತದೆ. ಒಂದು ಚಕ್ರ ಇನ್ನೊಂದಕ್ಕಿಂತ 150 ಕಿಲೋ ತೂಕದಷ್ಟು ಹೆಚ್ಚು ಬಲದಿಂದ ರಸ್ತೆಯನ್ನು ಹಿಡಿದರೆ, ಆ ವ್ಯತ್ಯಾಸ ಮುಕ್ಕಾಲು ಮೀಟರ್ ಉದ್ದದ ಸನ್ನೆಯ ತುದಿಯಲ್ಲಿ ಕೂತು ಇಡೀ ಗಾಡಿಯನ್ನು ತಿರುಗಿಸುತ್ತದೆ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ಕಡೆಗೆ ಹೋಗುವ ತಿರುವುಗಳಲ್ಲಿ, ಎದುರಿನಿಂದ ಬಸ್ ಬರುವಾಗ, ಇಷ್ಟು ತಿರುಗಿದರೆ ಸಾಕು ಅಪಾಯಕ್ಕೆ. ಮಳೆಗೆ ಒದ್ದೆಯಾದ ರಸ್ತೆಯಾದರೆ ಇನ್ನೂ ಕಷ್ಟ. ಹಾಗಾಗಿ ಇದನ್ನು 'ಸ್ವಲ್ಪ ಎಳೆಯುತ್ತದೆ, ಪರವಾಗಿಲ್ಲ' ಎಂದು ಬಿಡುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೆಡಲಿನಿಂದ ಚಕ್ರದವರೆಗೆ ಬಲವನ್ನು ಒಯ್ಯುವುದು ಬ್ರೇಕ್ ಆಯಿಲ್. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟರು. ಮೊದಲಿನ ಕಾರುಗಳಲ್ಲಿ ಸರಳು, ಕೇಬಲ್‌ಗಳೇ ಬ್ರೇಕನ್ನು ಎಳೆಯುತ್ತಿದ್ದವು. ಎರಡೂ ಕಡೆ ಸಮ ಮಾಡಿ ಇಡುವುದೇ ದೊಡ್ಡ ಕೆಲಸವಾಗಿತ್ತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಆಯಿಲ್ ಒತ್ತಡದ ಬ್ರೇಕ್ ತಂದಿತು. ಆದರೆ ಆಯಿಲ್ ಖಾತರಿ ಕೊಡುವುದು ಸಮನಾದ ಒತ್ತಡಕ್ಕೆ ಮಾತ್ರ. ಆ ಒತ್ತಡಕ್ಕೆ ಚಕ್ರದ ಬಳಿಯ ಪಿಸ್ಟನ್ ಎಂಬ ಲೋಹದ ಉರುಳೆ ಸರಿಯಬೇಕು, ಅದು ಒತ್ತುವ ಪ್ಯಾಡ್ ಚಕ್ರದೊಂದಿಗೆ ತಿರುಗುವ ತಟ್ಟೆಯನ್ನು, ಅಂದರೆ ಡಿಸ್ಕನ್ನು ಹಿಡಿಯಬೇಕು, ಟೈರ್ ರಸ್ತೆಯನ್ನು ಹಿಡಿಯಬೇಕು. ಇಲ್ಲಿ ಎಲ್ಲಿ ಎಡಬಲ ವ್ಯತ್ಯಾಸ ಬಂದರೂ ಗಾಡಿ ಎಳೆಯುತ್ತದೆ.

ಹುಡುಕುವಾಗ ಟೈರಿನಿಂದ ಶುರು ಮಾಡಿ. ಒಂದು ಕಡೆ ಗಾಳಿ ಕಡಿಮೆ ಇದ್ದರೆ ಗಾಡಿ ಆ ಕಡೆಗೆ ವಾಲುತ್ತದೆ, ಬ್ರೇಕ್ ಒತ್ತಿದಾಗ ಇನ್ನೂ ಹೆಚ್ಚು. ಐದು ನಿಮಿಷದ ಕೆಲಸ ಇದು. ಬೇರೆ ಬೇರೆ ಕಂಪನಿಯ, ಅಥವಾ ಒಂದು ಹೊಸದು ಒಂದು ಸವೆದದ್ದು ಹೀಗೆ ಟೈರ್ ಹಾಕಿದ್ದರೆ ಅದನ್ನೂ ನೆನಪಿಡಿ. ಆಮೇಲೆ ಬ್ರೇಕ್ ಒತ್ತದೆ ನೇರ ರಸ್ತೆಯಲ್ಲಿ ಹೋಗಿ ನೋಡಿ. ಮಳೆನೀರು ಹರಿದು ಹೋಗಲೆಂದು ನಮ್ಮ ರಸ್ತೆಗಳು ಅಂಚಿಗೆ ಇಳಿಜಾರಾಗಿರುತ್ತವೆ. ನಾವು ಎಡಗಡೆ ಹೋಗುವುದರಿಂದ ಎಡಕ್ಕೆ ಒಂದಿಷ್ಟು ವಾಲುವುದು ಸಹಜ. ಬ್ರೇಕ್ ಒತ್ತದೆಯೇ ಜೋರಾಗಿ ಎಳೆದರೆ ಅಲೈನ್‌ಮೆಂಟ್ (ಚಕ್ರಗಳು ನಿಂತ ಕೋನ) ತಪ್ಪಿರಬಹುದು, ಟೈರ್ ಕೆಟ್ಟಿರಬಹುದು, ಇಲ್ಲವೇ ಒಂದು ಬ್ರೇಕ್ ಬಿಡದೆ ಹಿಡಿದುಕೊಂಡಿರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಅಲೈನ್‌ಮೆಂಟ್‌ಗೆ ಸುಮ್ನೆ ದುಡ್ಡು ಹಾಕುವ ಮೊದಲು ಬ್ರೇಕ್ ಬಿಚ್ಚಿಸಿ ನೋಡಿ.

ಬಿಚ್ಚುವ ಮೊದಲೇ ಸುಳಿವು ಕೊಡುವುದು ಬಿಸಿ. ಬ್ರೇಕ್ ಅಂದರೆ ಓಟದ ಶಕ್ತಿಯನ್ನು ಬಿಸಿಯಾಗಿ ಬದಲಾಯಿಸುವ ಸಾಧನ. ಗಂಟೆಗೆ 60 ಕಿಲೋಮೀಟರ್ ವೇಗದ 1000 ಕಿಲೋ ಕಾರನ್ನು ಒಮ್ಮೆ ನಿಲ್ಲಿಸಿದರೆ ಹುಟ್ಟುವ ಬಿಸಿ ಸುಮಾರು 139 ಕಿಲೋಜೂಲ್. ಹೆಚ್ಚುಕಡಿಮೆ ಅರ್ಧ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ನಿಲ್ಲಿಸುವಾಗ ಭಾರ ಮುಂದಕ್ಕೆ ವಾಲುವುದರಿಂದ ಇದರ ಹೆಚ್ಚಿನ ಪಾಲು ಮುಂದಿನ ಚಕ್ರಗಳಿಗೆ ಹೋಗುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿ ನಿಲ್ಲಿಸಿದ ಮೇಲೆ ಎರಡು ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಡಿಸ್ಕ್ 200 ಡಿಗ್ರಿ ದಾಟಿರಬಹುದು. ಒಂದು ತಣ್ಣಗೆ ಇದ್ದರೆ ಅದು ಕೆಲಸ ಮಾಡುತ್ತಿಲ್ಲ. ಬ್ರೇಕ್ ಒತ್ತದೆ ಓಡಿಸಿದರೂ ಒಂದು ಚಕ್ರ ಬಿಸಿಯಾದರೆ ಅದು ಹಿಡಿದುಕೊಂಡಿದೆ. ವರ್ಕ್‌ಶಾಪಿನ ಇನ್‌ಫ್ರಾರೆಡ್ ಗನ್ ಇದ್ದರೆ ಇನ್ನೂ ಒಳ್ಳೆಯದು. ಕೊರೋನಾ ಕಾಲದಲ್ಲಿ ಜ್ವರ ನೋಡುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ, ಅದರ ಅಳತೆ ಮೈ ಬಿಸಿಗೇ ಮುಗಿಯುತ್ತದೆ.

ಈಗ ಪಿಸ್ಟನ್, ಪ್ಯಾಡ್‌ಗಳನ್ನು ಹೊತ್ತು ಡಿಸ್ಕನ್ನು ಅಪ್ಪಿ ಕೂತ ಕ್ಯಾಲಿಪರ್ ಒಳಗೆ ಏನಾಗುತ್ತದೆ ನೋಡೋಣ. ಪೆಡಲ್ ಬಿಟ್ಟಾಗ ಪಿಸ್ಟನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇದೆ. ಪಿಸ್ಟನ್ ಮುಂದೆ ಹೋಗುವಾಗ ಆ ಸೀಲ್ ಅದನ್ನು ಹಿಡಿದುಕೊಂಡೇ ಸ್ವಲ್ಪ ಓರೆಯಾಗುತ್ತದೆ. ಒತ್ತಡ ಹೋದ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ, ಬರುವಾಗ ಪಿಸ್ಟನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡ್ ಡಿಸ್ಕನ್ನು ಬಿಡಲು ಅಷ್ಟೇ ಸಾಕು. ಒಂದು ತುಂಡು ರಬ್ಬರ್ ಸೋರಿಕೆಯನ್ನೂ ತಡೆದು, ಸ್ಪ್ರಿಂಗಿನ ಕೆಲಸವನ್ನೂ ಮಾಡುವುದು ನನಗೆ ಬಹಳ ಇಷ್ಟವಾದ ವಿನ್ಯಾಸ. ಆದರೆ ಅದರ ಬಲ ಚಿಕ್ಕದು. ಪಿಸ್ಟನ್ ಮೇಲೆ ತುಕ್ಕು ಹಿಡಿದರೆ ಸೀಲಿಗೆ ಅದನ್ನು ಎಳೆಯಲು ಆಗುವುದಿಲ್ಲ.

ಹೆಚ್ಚಿನ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಗಿನ ಬದಿಗೆ ಮಾತ್ರ. ಅದು ಒಳಪ್ಯಾಡನ್ನು ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾಮ್ ಆದರೆ ಹೊರಪ್ಯಾಡಿಗೆ ಕೆಲಸವೇ ಇಲ್ಲ. ಬಿಚ್ಚಿದಾಗ ಒಳಗಿನದು ಸವೆದು, ಹೊರಗಿನದು ದಪ್ಪ ಉಳಿದಿದ್ದರೆ ಪಿನ್ನನ್ನು ಸಂಶಯಪಡಿ. ಒಂದು ಚಕ್ರದ ಎರಡೂ ಪ್ಯಾಡ್ ಸವೆಯದೆ, ಡಿಸ್ಕ್ ತುಕ್ಕಾಗಿದ್ದರೆ ಆ ಪಿಸ್ಟನ್ ಹೊರಗೆ ಬರುತ್ತಿಲ್ಲ.

ಕಾಸರಗೋಡಿನಲ್ಲಿ ಈ ಜಾಮ್ ತುಂಬಾ ಬೇಗ ಬರಲು ಕಾರಣವಿದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ತೀರದಲ್ಲಿ ಉಪ್ಪು ಗಾಳಿ. ಒಳನಾಡಿನಲ್ಲಿ ಮುರಕಲ್ಲಿನ ಕೆಂಪು ಕೆಸರು ಪಿನ್ನಿನ ರಬ್ಬರ್ ಬೂಟ್ ಹರಿದಲ್ಲಿ ಒಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಕಾರಣ ನಮ್ಮ ಊರಿನ ಬದುಕಿನದೇ. ಮನೆಯವರು ಗಲ್ಫಿನಲ್ಲಿ, ಕಾರು ಪೋರ್ಟಿಕೋದಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲುಗದೆ ನಿಂತ ಕಾರು ರಜೆಗೆ ಬಂದವರ ಕೈಯಲ್ಲಿ ಮೊದಲ ದಿನವೇ ಒಂದು ಬದಿಗೆ ಎಳೆಯುತ್ತದೆ. ಡಿಸ್ಕ್ ಮೇಲಿನ ತೆಳು ತುಕ್ಕು ಕೆಲವು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಆಮೇಲೂ ಎಳೆದರೆ ಪಿನ್, ಪಿಸ್ಟನ್ ನೋಡಿಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ, ಹಿಂದಿನ ಬ್ರೇಕಿನ ಲೈನರ್ (ಉಜ್ಜುವ ಪಟ್ಟಿ) ಚಕ್ರದೊಂದಿಗೆ ತಿರುಗುವ ಡಬ್ಬಿಯಂಥ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕಣ್ಣಿಗೆ ಕಾಣದ ಕಳ್ಳ, ಕ್ಯಾಲಿಪರಿಗೆ ಆಯಿಲ್ ಒಯ್ಯುವ ಬ್ರೇಕಿನ ರಬ್ಬರ್ ಹೋಸ್. ಹೊರಗೆ ಚೆನ್ನಾಗಿದ್ದರೂ ಒಳಪದರ ಉಬ್ಬಿ ದಾರಿ ಕಿರಿದಾಗಿರಬಹುದು. ಬಲಗಡೆಯ ಹೋಸ್ ಹೀಗಾದರೆ, ಪೆಡಲ್ ಒತ್ತಿದ ಕ್ಷಣ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ, ಕಾರು ಎಡಕ್ಕೆ ಎಳೆಯುತ್ತದೆ. ಪೆಡಲ್ ಬಿಟ್ಟ ಮೇಲೆ ಆಯಿಲ್ ವಾಪಸು ಬರುವುದಿಲ್ಲ, ಬಲಚಕ್ರ ಹಿಡಿದುಕೊಂಡೇ ಇರುತ್ತದೆ, ಈಗ ಬಲಕ್ಕೆ ಎಳೆಯುತ್ತದೆ. ಒಂದೇ ಕಾರು ಎರಡೂ ಕಡೆಗೆ ಎಳೆಯುವುದು ಕೇಳಲು ವಿಚಿತ್ರ, ಆದರೆ ಹೋಸ್ ಕೆಟ್ಟದ್ದಕ್ಕೆ ಇದು ಒಳ್ಳೆಯ ಗುರುತು. ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಹಿಡಿದುಕೊಂಡ ಚಕ್ರದ ಕ್ಯಾಲಿಪರಿನಲ್ಲಿ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದಾಗ ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ, ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು ಎಂದು ಅರ್ಥ. ಹೋಸ್ ಅಥವಾ ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮೇಲಿನ ಮಾಸ್ಟರ್ ಸಿಲಿಂಡರ್ ನೋಡಬೇಕು. ಆಗಲೂ ತಿರುಗದಿದ್ದರೆ ಪಿಸ್ಟನ್ ಅಥವಾ ಪಿನ್ ಜಾಮ್.

ಅಡೂರು, ದೇಲಂಪಾಡಿ ಕಡೆಯ ಗುಡ್ಡದಾರಿಗಳಲ್ಲಿ ಓಡುವ ಹಳೆಯ ಜೀಪುಗಳಲ್ಲಿ ಮುಂದೆಯೂ ಡ್ರಮ್ ಬ್ರೇಕ್ ಇರುವುದುಂಟು. ಡ್ರಮ್ ತಿರುಗುವ ದಿಕ್ಕಿಗೆ ಮುಖ ಮಾಡಿದ ಶೂವನ್ನು (ಲೈನರ್ ಕೂರಿಸಿದ ಬಿಲ್ಲಿನಾಕಾರದ ತುಂಡು) ಉಜ್ಜಾಟವೇ ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತದೆ. ಕಡಿಮೆ ಬಲಕ್ಕೆ ಹೆಚ್ಚು ಹಿಡಿತ ಸಿಗುವುದು ಇದರ ಲಾಭ. ಆದರೆ ಎಡಬಲ ಲೈನರ್‌ನ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ತೋಡು ದಾಟಿ ಬಂದ ಜೀಪು ಒಂದು ಬದಿಗೆ ಎಳೆಯುವುದು ಹೀಗೆಯೇ, ಒಂದು ಡ್ರಮ್ ಬೇಗ ಒಣಗಿತು, ಇನ್ನೊಂದು ಒಣಗಲಿಲ್ಲ. ನಿಧಾನ ಓಡಿಸುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದರೆ ಬಿಸಿಗೆ ನೀರು ಹೋಗುತ್ತದೆ. ಒಣಗಿದ ಮೇಲೂ ಎಳೆದರೆ ಶೂ ತಳ್ಳುವ ವೀಲ್ ಸಿಲಿಂಡರ್ ಅಥವಾ ಆಕ್ಸಲ್ ಸೀಲ್ ಸೋರಿ ಲೈನರ್ ಆಯಿಲ್ ಕುಡಿದಿರಬಹುದು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವ ಅಭ್ಯಾಸವಿದೆ. ದಯವಿಟ್ಟು ಹಾಗೆ ಮಾಡಬೇಡಿ, ಒಳಗೆ ಇಳಿದ ಆಯಿಲ್ ಬಿಸಿಗೆ ಮತ್ತೆ ಮೇಲೆ ಬರುತ್ತದೆ.

ಬ್ರೇಕ್ ಎಲ್ಲ ಸರಿಯಿದ್ದೂ ಒತ್ತಿದ ಕ್ಷಣ 'ಟಕ್' ಎಂದು ಸದ್ದಾಗಿ ಗಾಡಿ ಪಕ್ಕಕ್ಕೆ ಜಗ್ಗಿದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಶ್ ನೋಡಿ. ಬುಶ್ ಹರಿದರೆ ಬ್ರೇಕಿನ ಬಲಕ್ಕೆ ಚಕ್ರವೇ ಹಿಂದಕ್ಕೆ ಸರಿಯುತ್ತದೆ. ಎಬಿಎಸ್ ಇದೆ, ಅದು ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಬೇಡ. ಎಬಿಎಸ್ ಚಕ್ರ ಲಾಕ್ ಆಗದಂತೆ ತಡೆಯುತ್ತದೆ, ಜಾಮ್ ಆದ ಪಿಸ್ಟನನ್ನು ಅದು ಬಿಡಿಸುವುದಿಲ್ಲ. ಇನ್ನೊಂದು ಮಾತು. 1972ರ ಆಡಿ 80ರ ನಂತರ ಅನೇಕ ಕಾರುಗಳ ಸ್ಟಿಯರಿಂಗ್ ಜೋಡಣೆ ಬೇರೆ ರೀತಿ ಆಯಿತು. ಒಂದು ಬದಿಯ ಬ್ರೇಕ್ ಜಾಸ್ತಿ ಹಿಡಿದರೆ ಮುಂದಿನ ಚಕ್ರಗಳು ತಾವಾಗಿಯೇ ಸ್ವಲ್ಪ ಎದುರು ದಿಕ್ಕಿಗೆ ತಿರುಗಿ ಎಳೆತವನ್ನು ತಗ್ಗಿಸುತ್ತವೆ. ಅಂಥ ಕಾರಿನಲ್ಲೂ ನಿಮ್ಮ ಕೈಗೆ ಎಳೆತ ಗೊತ್ತಾಗುತ್ತಿದ್ದರೆ, ಒಳಗಿನ ವ್ಯತ್ಯಾಸ ಸಣ್ಣದಲ್ಲ.

ರಿಪೇರಿಯಲ್ಲಿ ಎರಡು ವಿಷಯಕ್ಕೆ ಹಟ ಮಾಡಿ. ಪ್ಯಾಡ್, ಲೈನರ್, ಹೋಸ್ ಯಾವುದೇ ಬದಲಾಯಿಸಿದರೂ ಎಡಬಲ ಎರಡೂ ಒಟ್ಟಿಗೆ ಆಗಲಿ. ಒಂದೇ ಕಡೆ ಹೊಸದು ಹಾಕಿದರೆ ಎಳೆತವನ್ನು ನಾವೇ ಕೂರಿಸಿದಂತೆ. ಮತ್ತೆ, ಪಿನ್ನಿಗೆ ಮಾಮೂಲಿ ಗ್ರೀಸ್ ಹಚ್ಚಬಾರದು. ಪೆಟ್ರೋಲಿಯಂ ಗ್ರೀಸಿಗೆ ಬ್ರೇಕಿನ ರಬ್ಬರ್ ಉಬ್ಬಿ ಪಿನ್ ಮತ್ತೆ ಜಾಮ್ ಆಗುತ್ತದೆ. ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಕೇಳಿ. ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಾಯಿಸಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಆ ತೇವವೇ ಪಿಸ್ಟನ್ನಿಗೆ ಒಳಗಿನಿಂದ ತುಕ್ಕು ತರುತ್ತದೆ. ಬದಲಾಯಿಸಿದ ಮೇಲೆ ಏರ್ ಪೂರ್ತಿ ತೆಗೆಸಿ. ಒಂದು ಕ್ಯಾಲಿಪರಿನಲ್ಲಿ ಗಾಳಿಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗಿ ಕಾರು ಇನ್ನೊಂದು ಬದಿಗೆ ಎಳೆಯಬಹುದು.

ಹೊಸ ಪ್ಯಾಡ್ ಹಾಕಲು ಪಿಸ್ಟನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಆದ್ದರಿಂದ ಮೊದಲ ಸಲ ಪೆಡಲ್ ನೆಲ ಮುಟ್ಟುತ್ತದೆ. ಗಾಡಿ ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಹೊರಡಿ. ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 15ಕ್ಕೆ ಹಲವು ಸಲ, ನಡುವೆ ತಣಿಯಲು ಬಿಟ್ಟು, ಇಳಿಸಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ನಂತರ ಇಳಿದು ಮತ್ತೊಮ್ಮೆ ಎರಡೂ ಚಕ್ರಗಳ ಬಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು.