ಹೆಸರು ಮುಚ್ಚಿಟ್ಟರೆ ಸಾಲದು

"ಇದು ನಮ್ಮಿಬ್ಬರ ನಡುವೆಯೇ ಇರಲಿ." ವಿಶ್ವವಿದ್ಯಾಲಯದಲ್ಲಿ ದೂರು ಆಲಿಸುವ ನನ್ನ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಮಾತು ಆರಂಭಿಸುವುದು ಹೀಗೆ. ಮೊದಮೊದಲು ಆಗಲಿ ಎಂದು ತಲೆಯಾಡಿಸಿಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಸುಮ್ಮನಿರಲಾರೆ, ವಿಚಾರಣೆ ನಡೆದರೆ ಆರೋಪವೇನೆಂದು ಎದುರಿನವರಿಗೂ ತಿಳಿಸಲೇಬೇಕು, ಉಳಿದಂತೆ ನಿಮಗೆ ಹೇಳದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಇದನ್ನು ಕೇಳಿ ಎದ್ದು ಹೋದವರಿದ್ದಾರೆ. ಅವರಲ್ಲಿ ಹಲವರು ಕೆಲವು ದಿನ ಬಿಟ್ಟು ಮರಳಿ ಬಂದಿದ್ದಾರೆ. ಉಳಿಸಿಕೊಳ್ಳಲಾಗದ ಮಾತು ಕೊಟ್ಟಿದ್ದರೆ ಅವರ ಗೆಳೆಯರೂ ನನ್ನ ಬಾಗಿಲು ತಟ್ಟುತ್ತಿರಲಿಲ್ಲ.

ಮೂಗರ್ಜಿ ಬೇರೆ, ಗೋಪ್ಯ ದೂರು ಬೇರೆ. ಮೂಗರ್ಜಿಯಲ್ಲಿ ಬರೆದವರು ಯಾರೆಂದು ನನಗೂ ಗೊತ್ತಿರುವುದಿಲ್ಲ, ಹಾಗಾಗಿ ಮರುಪ್ರಶ್ನೆ ಕೇಳಲಾಗುವುದಿಲ್ಲ. ಹಾಗೆಂದು ಅದನ್ನು ಕಸದ ಬುಟ್ಟಿಗೆ ಹಾಕುವುದು ತಪ್ಪು. ದಿನಾಂಕ, ಬಿಲ್ಲಿನ ಸಂಖ್ಯೆ, ಕೊಠಡಿಯ ಹೆಸರು ಇದ್ದರೆ ಪರಿಶೀಲಿಸಲು ಅಷ್ಟು ಸಾಕು. ಗೋಪ್ಯ ದೂರಿನಲ್ಲಿ ಹೆಸರು ನನಗೆ ಗೊತ್ತಿರುತ್ತದೆ, ಅದನ್ನು ಕಾಯುವ ಹೊಣೆಯೂ ನನ್ನದಾಗುತ್ತದೆ.

ಕಷ್ಟವಿರುವುದು ಈ ಕಾಯುವುದರಲ್ಲಿ. ಒಮ್ಮೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಪ್ರಯೋಗದ ಅಂಕಿಗಳನ್ನು ತಿದ್ದಲಾಗಿದೆ ಎಂದು ತಿಳಿಸಿದ. ವಿವರಣೆ ಕೇಳಿ ವಿಭಾಗಕ್ಕೆ ಹೋದ ಪತ್ರದಲ್ಲಿ ಅವನ ಹೆಸರಿರಲಿಲ್ಲ. ಆದರೆ "ರಾತ್ರಿ ಪಾಳಿಯಲ್ಲಿ ಕಂಡುಬಂದಂತೆ" ಎಂಬ ಮಾತು ಉಳಿದುಬಿಟ್ಟಿತ್ತು. ಪ್ರಯೋಗಾಲಯದಲ್ಲಿದ್ದದ್ದು ನಾಲ್ಕೇ ಜನ, ರಾತ್ರಿ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ. ಯಾರೂ ಅವನನ್ನು ಬೈಯಲಿಲ್ಲ, ಬೆದರಿಸಲಿಲ್ಲ. ಅವನ ಪ್ರಬಂಧದ ಕರಡು ಮಾತ್ರ ಮಾರ್ಗದರ್ಶಕರ ಮೇಜಿನ ಮೇಲೆ ತಿಂಗಳುಗಟ್ಟಲೆ ಕುಳಿತಿತ್ತು. ವಿಭಾಗಕ್ಕೆ ಹೋದ ಆ ಪತ್ರವನ್ನು ಮೊದಲೇ ಓದಿ ಒಪ್ಪಿಗೆ ಕೊಟ್ಟವನು ನಾನೇ. ಆ ನೋವು ಇನ್ನೂ ಆರಿಲ್ಲ.

ಅಂದಿನಿಂದ ಪ್ರತಿಯೊಬ್ಬರನ್ನೂ ಕೇಳುತ್ತೇನೆ: "ಈ ಸಂಗತಿ ನಿಮ್ಮನ್ನು ಬಿಟ್ಟು ಇನ್ನು ಯಾರಿಗೆ ಗೊತ್ತು?" ಇನ್ನಾರಿಗೂ ಗೊತ್ತಿಲ್ಲ ಎಂದರೆ ಆ ವಿವರವನ್ನು ಪತ್ರದಲ್ಲಿ ಬಳಸುವಂತಿಲ್ಲ. ಅದರ ಬದಲು ಇಡೀ ವಿಭಾಗದ ಪ್ರಯೋಗ ದಾಖಲೆಗಳನ್ನು ಒಟ್ಟಿಗೆ ತರಿಸಿ ನೋಡಬಹುದು. ಆಗ ಬೆರಳು ಯಾರ ಕಡೆಗೂ ತಿರುಗುವುದಿಲ್ಲ. ಟಪಾಲು ವಹಿಯ ವಿಷಯದ ಅಂಕಣದಲ್ಲಿ ದೂರುದಾರರ ಹೆಸರು ಬರೆಯುವುದು, ಇಮೇಲ್ ಪ್ರತಿಯನ್ನು ಅಭ್ಯಾಸಬಲದಿಂದ ಇಡೀ ಕಚೇರಿಗೆ ಕಳಿಸುವುದು, ಇವುಗಳಿಂದಲೂ ಗುಟ್ಟು ರಟ್ಟಾಗುತ್ತದೆ. ಹೆಸರಿಲ್ಲದೆ ಬರೆಯುವವರಿಗೂ ಒಂದು ಎಚ್ಚರಿಕೆ: ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಕಡತದ ಒಳಗೆ ಬರೆದವರ ಹೆಸರು ತಾನಾಗಿ ಸೇರಿಕೊಂಡಿರಬಹುದು.

ಕಾನೂನುಗಳು ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆಯ 16ನೇ ಕಲಂ ದೂರುದಾರರ, ಆರೋಪಿತರ, ಸಾಕ್ಷಿಗಳ ಗುರುತನ್ನು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಆರೋಪಿತರಿಗೂ ಈ ರಕ್ಷಣೆ ಇರುವುದು ನ್ಯಾಯವೇ, ಏಕೆಂದರೆ ವಿಚಾರಣೆ ಮುಗಿಯುವ ಮೊದಲು ಯಾರೂ ತಪ್ಪಿತಸ್ಥರಲ್ಲ. ಕೆಲಸದ ಸಂದರ್ಭದಲ್ಲಿ ಅಕ್ರಮ ಕಂಡು ತಿಳಿಸುವವರಿಗಾಗಿ ಐರೋಪ್ಯ ಒಕ್ಕೂಟ 2019ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಯೊಳಗೆ ಸಲ್ಲಿಸಿದ ದೂರಿಗೆ 7 ದಿನಗಳೊಳಗೆ ಸ್ವೀಕೃತಿ ಕೊಡಬೇಕು, ಮುಂದಿನ 3 ತಿಂಗಳೊಳಗೆ ಏನು ಮಾಡಿದೆವೆಂದು ತಿಳಿಸಬೇಕು. ದೂರು ಕೊಟ್ಟವರಿಗೆ ಆಮೇಲೆ ತೊಂದರೆಯಾದರೆ, ಅದು ಪ್ರತೀಕಾರವಲ್ಲ ಎಂದು ಸಾಬೀತುಪಡಿಸುವ ಹೊಣೆ ಕ್ರಮ ಕೈಗೊಂಡವರ ಮೇಲೆಯೇ ಬೀಳುತ್ತದೆ. ಈ ಕೊನೆಯ ನಿಯಮ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಗುತ್ತಿಗೆ ನೌಕರರು, ಅತಿಥಿ ಉಪನ್ಯಾಸಕರು, ಸ್ವಚ್ಛತಾ ಸಿಬ್ಬಂದಿ ನನ್ನ ಬಳಿ ಬರುವುದು ತೀರಾ ಅಪರೂಪ. ಅವರಿಗೆ ಕಷ್ಟಗಳಿಲ್ಲವೆಂದು ಇದರ ಅರ್ಥವಲ್ಲ. ಗುತ್ತಿಗೆ ನವೀಕರಣದ ಸಹಿ ಯಾರ ಕೈಯಲ್ಲಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ದೂರು ಸಲ್ಲಿಸಲು ವಿಶ್ವವಿದ್ಯಾಲಯದ ಇಮೇಲ್ ಬೇಕೆಂದರೆ ಇವರಲ್ಲಿ ಅನೇಕರು ಅಲ್ಲಿಯೇ ಹೊರಗುಳಿಯುತ್ತಾರೆ. ಅದಕ್ಕೇ ಈಗ ಅವರ ಪಾಳಿ ಬದಲಾಗುವ ಹೊತ್ತಿಗೆ ನಾನೇ ಅವರಿರುವಲ್ಲಿಗೆ ಹೋಗುತ್ತೇನೆ.

ಪ್ರಕರಣದ ಕಡತ ಮುಚ್ಚಿದ ಆರು ತಿಂಗಳಿಗೆ ದೂರು ಕೊಟ್ಟವರಿಗೆ ಒಮ್ಮೆ ಕರೆ ಮಾಡುತ್ತೇನೆ. ಶಿಫಾರಸು ಪತ್ರ ಸಿಕ್ಕಿತೇ, ಲೇಖನದಲ್ಲಿ ಹೆಸರು ಉಳಿದಿದೆಯೇ, ಪಾಳಿ ಬದಲಾಯಿತೇ ಎಂದು ಕೇಳುತ್ತೇನೆ. ಉತ್ತರ ಸರಿ ಕಾಣದಿದ್ದರೆ ಆ ಕಡತವನ್ನು ಮತ್ತೆ ತೆರೆಯುತ್ತೇನೆ.